ಖಾ ಹೆಸರಿನ ಗಾಡಿ

ಬೆಳಿಗ್ಗೆ ಆರೂಕಾಲಕ್ಕೆ ನನ್ನ ಅಂಗಡಿಯ ನುಚ್ಚಕ್ಕಿ ಅನ್ನದ ಮೊದಲ ಪಾತ್ರೆ ಒಲೆಯಿಂದ ಇಳಿಯುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಎದುರು ಮನೆಯ ತೋಮಕ್ಕ ಗಂಡನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಇಪ್ಪತ್ತಾರು ವರ್ಷ ಕೇಳಿ ಕೇಳಿ ನನಗೂ ಬಾಯಿಪಾಠ ಆಗಿಹೋಗಿದೆ.

"ಹೆಸರು?"

"ತೋ ವಾನ್ ಖಾ."

"ಮನೆ?"

"ಗೋ ವಾಪ್, ಹದಿನೇಳನೇ ಗಲ್ಲಿ, ನಲವತ್ತೆರಡನೇ ನಂಬರು."

"ಇಂಜಿನ್ ನಂಬರು?"

"ಸೊನ್ನೆ ಒಂಬತ್ತು ಏಳು, ನಾಲ್ಕು ನಾಲ್ಕು, ಒಂದು ಮೂರು."

"ಲೈಸೆನ್ಸ್ ಎಲ್ಲಿ?"

"ಮನೇಲಿ ಮರೆತು ಬಂದೆ ಸಾಹೇಬ್ರೆ. ಹೆಂಡ್ತಿ ಅಂಗಿ ಒಗೆಯೋಕೆ ಹಾಕಿದ್ಲು, ಅದರ ಜೇಬಲ್ಲಿತ್ತು."

"ಸರಿ, ಹೋಗಿ ಬನ್ನಿ."

ಆ 'ಹೋಗಿ ಬನ್ನಿ' ಕಿವಿಗೆ ಬೀಳದೆ ಆ ಮನುಷ್ಯ ಗಾಡಿಗೆ ಕಿಕ್ ಹೊಡೆಯುತ್ತಿರಲಿಲ್ಲ. ಒಂದು ದಿನ ತೋಮಕ್ಕ ಇವನು ಏಳೋ ಮೊದಲೇ ಮಾರ್ಕೆಟ್ಟಿಗೆ ಹೋಗಿದ್ದಳು. ಅವಳು ಬರೋ ತನಕ ಗಾಡಿ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದ, ಬಂದ ಎರಡು ಗಿರಾಕಿಗಳನ್ನೂ ಬಿಟ್ಟ. ನಾನು ನಕ್ಕು ನಕ್ಕು ಸಾಕಾಗಿ, "ಏನಣ್ಣ, ಟೀಚರ್ ರಜಾನಾ?" ಅಂದೆ. ಅವನಿಗೆ ನಗು ಬರಲಿಲ್ಲ.

ಅವನ ಹೆಸರು ಖಾ ಅಲ್ಲ, ಫಾನ್ ವಾನ್ ದಾವ್. ನಮ್ಮ ಪಂಚಾಂಗದ ಕೋಳಿಯ ವರ್ಷದಲ್ಲಿ ಹುಟ್ಟಿದ್ದಕ್ಕೆ ಅವನಪ್ಪ ಹೆಚ್ಚು ತಲೆ ಕೆಡಿಸಿಕೊಳ್ಳದೆ ಆ ವರ್ಷದ ಹೆಸರನ್ನೇ ಇಟ್ಟಿದ್ದ. ನನಗೆ ದಾವಣ್ಣ. ಸೈಗಾನಿನ ಎಂಟನೇ ಜಿಲ್ಲೆಯ ಕಾಲುವೆ ಪಕ್ಕ ಇರೋ ನಮ್ಮ ಗಲ್ಲಿಯ ಬಾಯಲ್ಲಿ ನಿಂತು, ಬೈಕಿನ ಹಿಂದೆ ಜನರನ್ನು ಕೂರಿಸಿಕೊಂಡು ಅವರು ಹೇಳಿದ ಕಡೆ ಬಿಟ್ಟು ಬರೋದು ಅವನ ಕಸುಬು. ನೇರಳೆ ಹಣ್ಣಿನ ಬಣ್ಣದ ಹಳೇ ಹೋಂಡಾ ಡ್ರೀಮ್. ಗಾಡಿ ಅವನದು, ಗಾಡಿಯ ನೋಂದಣಿ ಕಾರ್ಡು ಮಾತ್ರ ಖಾ ಅನ್ನೋನ ಹೆಸರಲ್ಲಿ. ನಮ್ಮಲ್ಲಿ ಇದೇನು ಹೊಸದಲ್ಲ. ಗಾಡಿ ಕೈ ಬದಲಾಯಿಸುತ್ತೆ, ಕಾರ್ಡು ಅದರ ಜೊತೆಗೇ ಬರುತ್ತೆ, ಹೆಸರು ಬದಲಾಯಿಸೋಕೆ ಅಂತ ಯಾರೂ ಕಚೇರಿ ಮೆಟ್ಟಿಲು ಹತ್ತಲ್ಲ. ನನ್ನ ತಮ್ಮನ ಗಾಡಿ ಇವತ್ತಿಗೂ ದಾ ಲಾತ್ ಊರಿನ ಯಾರೋ ಮೇಡಮ್ಮಿನ ಹೆಸರಲ್ಲಿದೆ. ದಾವಣ್ಣನಿಗೆ ಲೈಸೆನ್ಸೂ ಇರಲಿಲ್ಲ. ಹಾಗಾಗಿ ಪೊಲೀಸ್ ಹಿಡಿದರೆ ನಾನೇ ಖಾ ಅಂದುಬಿಡೋದು ಅಂತ ಗಂಡ ಹೆಂಡತಿ ಕೂತು ಲೆಕ್ಕ ಹಾಕಿದ್ದರು.

ಗಾಡಿ ಕೊಡಿಸಿದ ದಲ್ಲಾಳಿ ಒಂದು ಮಾತು ಹೇಳಿದ್ದ. "ಖಾ ತೀರಿಕೊಂಡ ಕಣಯ್ಯ, ನಿಂತ ಹಾಗೇ ಹೋಗಿಬಿಟ್ಟ. ಅವನ ಸಹಿ ಎಲ್ಲಿಂದ ತರೋಣ? ಹಿಂಗೇ ಓಡಿಸ್ಕೋ." ದಾವಣ್ಣ ಸರಿ ಅಂತ ಬಂದ. ತೋಮಕ್ಕನಿಗೆ ಮಾತ್ರ ಅದು ಮನಸ್ಸಲ್ಲಿ ಕೂತುಬಿಟ್ಟಿತು.

"ಸತ್ತವನ ಗಾಡೀಲಿ ದುಡಿದು ತಿಂತಾ ಅವನಿಗೆ ಒಂದು ಊದುಬತ್ತಿನೂ ಕೊಡದೆ ಇರೋದಾ ಲಾಯ್? ಮನುಷ್ಯರು ಮಾಡೋ ಕೆಲಸಾನಾ ಅದು?" ಅಂತ ನನ್ನ ಹತ್ತಿರ ಬಂದು ಕೇಳಿದಳು. ಲಾಯ್ ಅಂದರೆ ನಾನು.

"ಅವನಿಗೂ ಮನೆಯೋರು ಇರ್ತಾರೆ, ಅವರು ಕೊಡ್ತಾರೆ. ನಿನಗ್ಯಾಕೆ?" ಅಂದೆ ನಾನು.

ಅವಳು ಕೇಳಲಿಲ್ಲ. ಕೆಂಪು ಕಾಗದದ ಚೂರಿನಲ್ಲಿ ಖಾನ ಹೆಸರು ಬರೆದು ಹಿರಿಯರ ಪೂಜೆ ಹಲಗೆಯ ಮೂಲೆಯಲ್ಲಿ, ಅವಳ ಮಾವನ ಫೋಟೋ ಹಿಂದೆ ಅಂಟಿಸಿದಳು. ಅಮಾವಾಸ್ಯೆ ಹುಣ್ಣಿಮೆಗೆ ಒಂದು ಊದುಬತ್ತಿ, ಒಂದು ಪುಟ್ಟ ಲೋಟ ಟೀ. ಹೊಸವರ್ಷದ ತೆತ್ ಹಬ್ಬಕ್ಕೆ ಅಂಟಕ್ಕಿ ಕಡುಬಿನ ಒಂದು ಹೋಳು. ಮಕ್ಕಳಿಲ್ಲದ ಮನೆ, ಮಾತಾಡೋಕೆ ಅವಳಿಗೆ ಒಬ್ಬ ಸಿಕ್ಕ ಹಾಗಾಯಿತು. "ಖಾ ಅಣ್ಣ, ಇವತ್ತು ಮಳೆ, ಬ್ರೇಕ್ ಕಡೆ ಸ್ವಲ್ಪ ನೋಡ್ಕೋ" ಅಂತ ಹಲಗೆ ಮುಂದೆ ನಿಂತು ಹೇಳುತ್ತಿದ್ದಳು. ಇಪ್ಪತ್ತಾರು ವರ್ಷ ದಾವಣ್ಣ ಒಂದು ಸಲವೂ ಬಿದ್ದು ಮೂಳೆ ಮುರಿದುಕೊಳ್ಳಲಿಲ್ಲ. ಅದು ಖಾನ ದಯೆ ಅಂತಲೇ ಅವಳು ನಂಬಿದ್ದಳು.

ಈಗ ನೆನೆಸಿಕೊಂಡರೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತೆ. ದಿನಾ ಬೆಳಿಗ್ಗೆ ಆ ಮನೆ ವಿಳಾಸ ಹೇಳುತ್ತಿದ್ದರು. ಗೋ ವಾಪ್ ನಮ್ಮಿಂದ ಬೈಕಲ್ಲಿ ಮುಕ್ಕಾಲು ಗಂಟೆ. ಒಂದು ದಿನ ಹೋಗಿ ಬಾಗಿಲು ತಟ್ಟೋಣ ಅಂತ ಅವರಿಬ್ಬರಿಗೂ ಹೊಳೆಯಲಿಲ್ಲ. ಇಷ್ಟುದ್ದ ನಾಲಿಗೆ ಇರೋ ನನಗೂ ಹೊಳೆಯಲಿಲ್ಲ. ಸತ್ತವನ ಮನೆಗೆ ಹೋಗಿ ಏನು ಕೇಳೋದು ಅಂದುಕೊಂಡು ಸುಮ್ಮನಿದ್ದೆವು.

ಊರೊಳಗೆ ದಾವಣ್ಣನಿಗೆ ಏನೂ ತೊಂದರೆ ಇರಲಿಲ್ಲ. ಸೈಗಾನಿನ ಗಲ್ಲಿಗಳೆಲ್ಲ ಅವನ ಅಂಗೈ ಮೇಲೆ. ದೂರದಲ್ಲಿ ಟ್ರಾಫಿಕ್ ಪೊಲೀಸರ ಹಳದಿ ಯೂನಿಫಾರ್ಮ್ ಕಂಡರೆ ಸಾಕು, ಯಾರದೋ ಅಡುಗೆ ಮನೆ ಪಕ್ಕ ನುಗ್ಗಿ ಇನ್ಯಾರದೋ ಬಚ್ಚಲ ಹಿಂದೆ ಹೊರಬೀಳುತ್ತಿದ್ದ. ಕಷ್ಟ ಇದ್ದದ್ದು ಊರು ದಾಟೋಕೆ. ದಕ್ಷಿಣಕ್ಕೆ ಹೋಗೋ ಹೆದ್ದಾರಿಯಲ್ಲಿ ಬೆನ್ ಲುಕ್ ಸೇತುವೆ ಇದೆಯಲ್ಲ, ಅದರ ಈಚೆ ತುದಿಯಲ್ಲಿ ಯಾವಾಗಲೂ ತಪಾಸಣೆ. ಅಲ್ಲಿ ಗಲ್ಲಿ ಇಲ್ಲ, ಅತ್ತ ಇತ್ತ ಬರೀ ನೀರು. ತೋಮಕ್ಕನ ತವರು ಅದರಾಚೆ, ಬೆನ್ ಚೆಯ ತೆಂಗಿನ ತೋಟಗಳ ನಡುವೆ.

ಗಾಡಿ ಕೊಂಡ ವರ್ಷ ತವರಿಗೆ ಬಸ್ಸಲ್ಲಿ ಹೋದಾಗ, "ಅಮ್ಮ, ಇವರು ಡ್ರೀಮ್ ತಗೊಂಡ್ರು" ಅಂದಿದ್ದಳು. ಅವಳಮ್ಮ ಊರಿಗೆಲ್ಲ ಹೇಳಿಕೊಂಡು ಬಂದಳು. ಮುಂದಿನ ವರ್ಷ ಮತ್ತೆ ಬಸ್ಸು. ಅದರ ಮುಂದಿನ ವರ್ಷವೂ ಬಸ್ಸು. ತಂಗಿಯರ ಗಂಡಂದಿರೆಲ್ಲ ಅಂಗಳದಲ್ಲಿ ಸಾಲಾಗಿ ಗಾಡಿ ನಿಲ್ಲಿಸಿರೋರು. ತಂಗಿಯರಲ್ಲಿ ಒಬ್ಬಳು, "ಅಕ್ಕನ ಗಾಡಿ ಎಲ್ಲಿ? ಹೆಸರೇ ಡ್ರೀಮ್, ಕನಸಲ್ಲಿ ಓಡಿಸ್ತಾರೇನೋ" ಅಂದಳಂತೆ. ತೋಮಕ್ಕ ಅದನ್ನು ನನಗೆ ನಗುತ್ತಲೇ ಹೇಳಿದ್ದಳು, ಆದರೆ ಹದಿನೈದು ಸಲ ಹೇಳಿದ್ದಳು.

ಹದಿನೆಂಟು ವರ್ಷದ ಹಿಂದೆ ಅವಳಮ್ಮನಿಗೆ ತುಂಬಾ ಸೀರಿಯಸ್ ಅಂತ ಫೋನು ಬಂತು. ಬಸ್ಸಿಗೆ ಕಾಯೋ ವ್ಯವಧಾನ ಇರಲಿಲ್ಲ. ಧೈರ್ಯ ಮಾಡಿ ಗಾಡಿಯಲ್ಲೇ ಹೊರಟರು. ಸೇತುವೆ ಕಂಡಿತು, ಅದರ ಬುಡದಲ್ಲಿ ಹಳದಿ ಯೂನಿಫಾರ್ಮಿನ ನಾಲ್ಕು ಜನ. ದಾವಣ್ಣನ ಕೈ ನಡುಗಿತು. ಗಾಡಿ ಹಿಡಿದರೆ ಅನ್ನ ಹೋಯಿತು. "ಸೇತುವೆ ಬಂತು ತೋಮ್, ಇಳಿ" ಅಂದ. ಅವಳು ಇಳಿದಳು. ಅವನು ಗಾಡಿ ತಿರುಗಿಸಿ ವಾಪಸ್ಸು ಬಂದ. ಅವಳು ಬಿಸಿಲಲ್ಲಿ ಸೇತುವೆ ನಡೆದು ದಾಟಿ, ಆಚೆ ಕಡೆ ಬಸ್ಸಿಗೆ ಕೈ ಅಡ್ಡ ಹಿಡಿದು, ಮೂರು ಬಸ್ಸು ನಿಲ್ಲಿಸದೆ ಹೋಗಿ, ನಾಲ್ಕನೆಯದರಲ್ಲಿ ತವರು ಮುಟ್ಟೋ ಹೊತ್ತಿಗೆ ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ಅಮ್ಮನ ಮುಖ ನೋಡಲಿಲ್ಲ.

ಆ ವಿಷಯಕ್ಕೆ ಅವಳು ಗಂಡನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಖವಾಗಿರುತ್ತಿತ್ತು. ಬೆಳಗಿನ ಪಾಠ ಮಾತ್ರ ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಈ ಸಲದ ತೆತ್ ಹಬ್ಬದ ಹೊತ್ತಿಗೆ ಅವಳ ಕಣ್ಣು ಅರಿಶಿನ ಬಣ್ಣಕ್ಕೆ ತಿರುಗಿತು. ಲಿವರ್ ಅಂದರು. ಡಾಕ್ಟರು ದಾವಣ್ಣನನ್ನು ಹೊರಗೆ ಕರೆದು ಮಳೆಗಾಲ ನೋಡೋದು ಕಷ್ಟ ಅಂದರು. ಅವನು ಬಂದು ಅವಳಿಗೆ ಏನೂ ಹೇಳಲಿಲ್ಲ. ಅವಳು ಅವನ ಮುಖ ನೋಡಿಯೇ ತಿಳಿದುಕೊಂಡಳು.

"ರೀ, ನನಗೊಂದು ಆಸೆ ಇದೆ" ಅಂದಳು. ನಾನು ಅಲ್ಲೇ ಗಂಜಿ ಕೊಡುತ್ತ ಕೂತಿದ್ದೆ. "ಮೂರನೇ ತಿಂಗಳು ಅಮ್ಮನ ತಿಥಿ. ಈ ಸಲ ನಿಮ್ಮ ಹಿಂದೆ ಕೂತ್ಕೊಂಡು ಹೋಗ್ಬೇಕು. ಹೆದ್ದಾರೀಲಿ, ಹಗಲು ಹೊತ್ತಲ್ಲಿ. ಪೊಲೀಸ್ ನಿಲ್ಲಿಸಿದ್ರೆ ನಿಲ್ಲಿಸ್ಲಿ, ಕಾಗದ ತೋರ್ಸಿ ಹೋಗೋಣ. ಸೇತುವೇಲಿ ನಾನು ಇಳಿಯಲ್ಲ."

ತಿಥಿಗೆ ಎರಡೂವರೆ ತಿಂಗಳಿತ್ತು. ಅರವತ್ತೈದು ವರ್ಷದ ದಾವಣ್ಣ ಮೊದಲು ಲೈಸೆನ್ಸ್ ಪರೀಕ್ಷೆಗೆ ಹೋದ. ಕಾಲು ನೆಲಕ್ಕೆ ತಾಗಿಸದೆ ಎಂಟರ ಆಕಾರದಲ್ಲಿ ಗಾಡಿ ಸುತ್ತಬೇಕು. ಮಳೆಯಲ್ಲಿ, ಹಿಂದೆ ಇಬ್ಬರನ್ನೂ ಮುಂದೆ ಒಂದು ಹಂದಿಮರಿಯನ್ನೂ ಇಟ್ಟುಕೊಂಡು ಗೇಣಗಲ ಗಲ್ಲಿಯಲ್ಲಿ ಓಡಿಸಿದ ಮನುಷ್ಯ, ಖಾಲಿ ಮೈದಾನದಲ್ಲಿ ಕಾಲು ಊರಿ ಫೇಲಾದ. ಸುತ್ತ ಹದಿನೆಂಟು ಹತ್ತೊಂಬತ್ತರ ಹುಡುಗಿಯರು ಪಾಸಾಗಿ ಹೋಗುತ್ತಿದ್ದರಂತೆ. ಮುಖ ಹುಳ್ಳಗೆ ಮಾಡಿಕೊಂಡು ಬಂದು ನನ್ನ ಅಂಗಡಿಯಲ್ಲಿ ಕೂತ.

"ಅಲ್ಲಿ ಜಾಗ ಜಾಸ್ತಿ ಇತ್ತು ಲಾಯ್, ಅದಕ್ಕೇ ಗಾಬರಿ ಆಯ್ತು" ಅಂದ.

ಎರಡನೇ ಸಲ ಪಾಸಾದ. ಅವನ ಹೆಸರು, ಅವನ ಫೋಟೋ ಇರೋ ಕಾರ್ಡು ಬಂತು. ತೋಮಕ್ಕ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮೂರು ದಿನ ಯಾರಿಗೂ ಕೊಡಲಿಲ್ಲ. ಆಮೇಲೆ ಉಳಿದದ್ದು ಗಾಡಿಯ ಕಾರ್ಡು. ಕಚೇರಿಯಲ್ಲಿ ಹೇಳಿದರು: ಹೆಸರಿದ್ದವರ ವಿಳಾಸಕ್ಕೆ ನೋಟಿಸ್ ಕಳಿಸ್ತೀವಿ, ಮೂವತ್ತು ದಿನದೊಳಗೆ ಯಾರೂ ಬರದಿದ್ದರೆ ಗಾಡಿ ನಿಮ್ಮ ಹೆಸರಿಗೆ. ಸತ್ತವನಿಗೆ ನೋಟಿಸ್ ಕಳಿಸ್ತಾರಂತೆ ಅಂತ ನಾವು ಮೂವರೂ ಸೇರಿ ನಕ್ಕೆವು. ಆ ಮನೆಯಲ್ಲಿ ನಾನು ನಗು ಕೇಳಿದ್ದು ಅದೇ ಕಡೆಯ ಸಲ. ಮೂವತ್ತು ದಿನ ಅಂದರೆ ತಿಥಿಗೆ ಹತ್ತು ದಿನ ಮೊದಲೇ ಕೈಗೆ ಕಾರ್ಡು ಬರಬೇಕಿತ್ತು.

ಇನ್ನು ನನ್ನ ಪಾಪದ ಕಥೆ ಹೇಳಬೇಕು. ಹೇಳದೆ ದಾಟಿಸಬಹುದಿತ್ತು, ಆದರೆ ಅದು ನನ್ನ ಗಂಟಲಲ್ಲೇ ಕೂತಿದೆ.

ನೋಟಿಸ್ ಹೋದ ಹತ್ತೋ ಹನ್ನೊಂದೋ ದಿನಕ್ಕೆ, ಮಧ್ಯಾಹ್ನದ ಗಿರಾಕಿ ಮುಗಿದ ಮೇಲೆ, ಒಬ್ಬ ಮುದುಕ ಬಂದು ನನ್ನ ಅಂಗಡಿಯ ಸ್ಟೂಲ್ ಮೇಲೆ ಕೂತ. ಎಪ್ಪತ್ತೈದು ದಾಟಿರಬೇಕು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಊರುಗೋಲು. ಸುಟ್ಟ ಹಂದಿಮಾಂಸ ಬೇಡ, ಮೊಟ್ಟೆ ಅನ್ನ ಸಾಕು ಅಂದ. ತಿನ್ನುತ್ತ ನಿಧಾನಕ್ಕೆ ಕೇಳಿದ.

"ಇಲ್ಲಿ ಬೈಕ್ ಓಡಿಸೋ ದಾವ್ ಅಂತ ಇದಾರಲ್ಲಮ್ಮ, ಹೆಂಗೆ ಜನ?"

ಯಾರೋ ಸಂಬಂಧಿಕ ಅಂದುಕೊಂಡೆ. ಒಳ್ಳೇ ಮಾತು ಹೇಳೋಣ ಅಂತ ನಾಲಿಗೆ ಹರಿಬಿಟ್ಟೆ. "ಅಂಥ ಜನ ಸಿಗಲ್ಲ ಯಜಮಾನ್ರೇ. ಅವರ ಗಾಡಿ ಮೊದಲು ಯಾರೋ ಖಾ ಅನ್ನೋನದ್ದಂತೆ, ಸತ್ತೋಗಿದಾನೆ. ಆ ಮಹಾತಾಯಿ ಅವನ ಹೆಸರು ಬರೆದಿಟ್ಟು ಇಪ್ಪತ್ತಾರು ವರ್ಷದಿಂದ ಊದುಬತ್ತಿ ಹಚ್ತಿದಾಳೆ. ಸ್ವಂತ ಮಕ್ಕಳೂ ಅಷ್ಟು ಮಾಡಲ್ಲ."

ಅವನು ಚಮಚ ಕೆಳಗಿಟ್ಟ. ಆಮೇಲೆ, "ಮನೆ ಯಾವುದು?" ಅಂದ. ನಾನೇ ಎದ್ದು ಕರೆದುಕೊಂಡು ಹೋದೆ.

ಬಾಗಿಲಲ್ಲಿ ದಾವಣ್ಣ, "ಯಾರು ಬೇಕಿತ್ತು?" ಅಂದ.

"ನಾನು ಗೋ ವಾಪ್‌ನಿಂದ ಬಂದೆ. ತೋ ವಾನ್ ಖಾ."

ದಾವಣ್ಣ ದಿನಾ ಬೆಳಿಗ್ಗೆ ಆಗುತ್ತಿದ್ದ ಮನುಷ್ಯನೇ ಎದುರಿಗೆ ಬಂದು ನಿಂತಿದ್ದ. ಹಾಸಿಗೆಯಲ್ಲಿದ್ದ ತೋಮಕ್ಕ ಎದ್ದು ಕೂತು, ಕೈ ಜೋಡಿಸಿ, "ಖಾ ಅಣ್ಣ" ಅಂದಳು. ಹೆದರಿಕೆಗೋ ಸಂತೋಷಕ್ಕೋ ನನಗೆ ಗೊತ್ತಾಗಲಿಲ್ಲ.

ಮುದುಕ ನೇರ ಪೂಜೆ ಹಲಗೆ ಹತ್ತಿರ ಹೋದ. ನಾನು ಬಾಯಿ ಬಿಡದೆ ಇದ್ದಿದ್ದರೆ ಫೋಟೋ ಹಿಂದಿನ ಆ ಚೂರು ಕಾಗದ ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕನ್ನಡಕ ಹಾಕಿಕೊಂಡು ಓದಿದ.

"ಎಷ್ಟು ವರ್ಷ ಅಂದ್ರಿ?"

"ಇಪ್ಪತ್ತಾರು" ಅಂದಳು ತೋಮಕ್ಕ. "ನೀವು ಹೋಗಿಬಿಟ್ರಿ ಅಂತ ದಲ್ಲಾಳಿ ಹೇಳಿದ. ಪುಣ್ಯ ಅಂದ್ಕೊಂಡು ಮಾಡ್ದೆ ಅಣ್ಣ."

"ನಾನು ಸಹಿ ಹಾಕಿ ಹೋಗೋಣ ಅಂತಲೇ ಬಂದಿದ್ದೆ. ಗಾಡಿ ಮಾರಿ ಮರೆತೇ ಹೋಗಿತ್ತು ನನಗೆ" ಅಂದ ಅವನು. "ಗಾಡಿ ಮಾರಿದ ಮಾರನೇ ವರ್ಷ ನನ್ನ ಹೆಂಡತಿ ಹೋದಳು. ಆಮೇಲೆ ಅಂಗಡಿ ಸುಟ್ಟುಹೋಯ್ತು. ಆಮೇಲೆ ಮಗ. ಎಷ್ಟು ಜನರನ್ನ ಕೇಳಿದೆ, ಎಷ್ಟು ಗುಡಿಗೆ ಹೋದೆ. ಬದುಕಿರೋನ ಹೆಸರು ಸತ್ತೋರ ಸಾಲಲ್ಲಿ ಕೂತಿದ್ರೆ ಇನ್ನೇನಾಗುತ್ತೆ?"

ಅವನು ಕೂಗಾಡಿದ್ದರೆ ನಾನು ತಿರುಗಿ ಕೂಗಾಡುತ್ತಿದ್ದೆ, ಆ ಕೆಲಸ ನನಗೆ ಬರುತ್ತೆ. ಅವನು ಮೆಲ್ಲಗೆ ಮಾತಾಡುತ್ತಿದ್ದ. ನಾನು ಇಂಥದ್ದನ್ನೆಲ್ಲ ಅಷ್ಟಾಗಿ ನಂಬೋಳಲ್ಲ, ಆದರೂ ಆ ಗಳಿಗೆಯಲ್ಲಿ ನನಗೂ ಮೈ ಜುಂ ಅಂತು.

ಹೆಸರು ಅಂಟಿಸಿದವರೇ ತೆಗೆಯಬೇಕು ಅಂದ. ತೋಮಕ್ಕ ಎರಡು ಹೆಜ್ಜೆಗೊಮ್ಮೆ ನಿಂತು ಹೋಗಿ, ಉಗುರಲ್ಲಿ ಕೆರೆದು ಆ ಕಾಗದ ತೆಗೆದಳು. ಅರ್ಧ ಅಲ್ಲೇ ಉಳಿಯಿತು, ಒದ್ದೆ ಬಟ್ಟೆ ತಂದು ಒರೆಸಿದಳು. ದಾವಣ್ಣ ಅರ್ಜಿ ಮುಂದಿಟ್ಟ. ಮುದುಕ ತಲೆ ಅಲ್ಲಾಡಿಸಿದ.

"ಈಗ ಹಾಕಿದ್ರೆ ಸತ್ತವನ ಸಹಿ ಆಗುತ್ತೆ. ಗುಡಿಯಲ್ಲಿ ನನ್ನ ಹೆಸರನ್ನ ಬದುಕಿರೋರ ಕಡೆಗೆ ವಾಪಸ್ ತರಿಸ್ಕೊಳ್ತೀನಿ. ಮೂರನೇ ತಿಂಗಳ ಹುಣ್ಣಿಮೆಗೆ ಮಾಡ್ತಾರೆ. ಮಾರನೇ ದಿನ ನಾನೇ ಬಂದು ಹಾಕ್ತೀನಿ. ಅಲ್ಲೀ ತನಕ ತಡೀರಿ ಅಂತ ಕಚೇರೀಲಿ ಹೇಳಿ ಬರ್ತೀನಿ. ನನ್ನ ಮೇಲೆ ಕೋಪ ಮಾಡ್ಕೋಬೇಡಿ."

ತಿಥಿ ಹುಣ್ಣಿಮೆ ಕಳೆದು ಐದನೇ ದಿನ. ಹುಣ್ಣಿಮೆಯ ಮಾರನೇ ದಿನ ಸಹಿ, ಮೂರು ದಿನಕ್ಕೆ ಕಾರ್ಡು, ಮಾರನೇ ಬೆಳಿಗ್ಗೆ ಹೊರಟರೆ ಆಯಿತು. ಲೆಕ್ಕಕ್ಕೆ ಸರಿಹೋಗುತ್ತಿತ್ತು. ತೋಮಕ್ಕನ ಮೈಯ ಲೆಕ್ಕ ಮಾತ್ರ ಬೇರೆ ಇತ್ತು. ಹೊಟ್ಟೆ ಬಾತು ಕೈಕಾಲು ಕಡ್ಡಿಯಾಗಿತ್ತು, ಗಂಜಿ ಎರಡು ಚಮಚ ಹೋದರೆ ಹೆಚ್ಚು.

ಮೂರನೇ ತಿಂಗಳ ಮೊದಲ ವಾರ ಒಂದು ಬೆಳಿಗ್ಗೆ ದಾವಣ್ಣ ಗಾಡಿ ತೊಳೆದು ಬಾಗಿಲಿಗೆ ತಂದು ನಿಲ್ಲಿಸಿದ. ನನ್ನ ಹತ್ತಿರ ಬಂದು ಮೆಲ್ಲಗೆ, "ಲಾಯ್, ನೀನು ಹೇಳು. ನಿನ್ನ ಮಾತು ಕೇಳ್ತಾಳೆ. ಹಿಂಗೇ ಕರ್ಕೊಂಡು ಹೋಗ್ತೀನಿ, ಹಿಡಿದ್ರೆ ಹಿಡೀಲಿ, ಗಾಡಿ ಹಾಳಾಗಿ ಹೋಗ್ಲಿ" ಅಂದ.

ನಾನು ಹೋಗಿ ಹೇಳಿದೆ. ಬೈದೇ ಹೇಳಿದೆ. "ಏಳೇ ಅಕ್ಕ, ಹಟ ಮಾಡ್ಬೇಡ. ಇವತ್ತು ಕೂರೋ ಶಕ್ತಿ ಇದೆ. ಹೋಗಿ ನಿನ್ನ ತಂಗೀರ ಹೊಟ್ಟೆ ಉರಿಸಿ ಬಾ."

"ಹಿಂಗೆ ಹೋದ್ರೆ ಸೇತುವೆ ಹತ್ರ ಇವರ ಕೈ ನಡುಗುತ್ತೆ ಲಾಯ್. 'ಇಳಿ' ಅಂತಾರೆ. ಅವರು ಅನ್ನದಿದ್ರೂ ನಾನೇ ಇಳಿದುಬಿಡ್ತೀನಿ. ಇಷ್ಟು ದಿನ ಕಾದಿದೀನಿ, ಹುಣ್ಣಿಮೆ ಬರ್ಲಿ" ಅಂದಳು.

ಅವಳ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆ ದಿನ ಹೊತ್ತುಕೊಂಡು ಹೋಗಿ ಕೂರಿಸಿಬಿಡಬೇಕಿತ್ತು. ಅವಳ ತೂಕ ಆಗ ಒಂದು ಅಕ್ಕಿ ಚೀಲದಷ್ಟೂ ಇರಲಿಲ್ಲ.

ಅಷ್ಟಾದರೂ ಬೆಳಗಿನ ಪಾಠ ಬಿಡಲಿಲ್ಲ. ಮಲಗಿದಲ್ಲಿಂದಲೇ "ಹೆಸರು?" ಅನ್ನೋಳು. ಒಂದು ದಿನ ದಾವಣ್ಣ, "ಇನ್ನು ಯಾಕೆ ಇದು? ಈಗ ನನ್ನ ಹೆಸರಲ್ಲೇ ಬರುತ್ತಲ್ಲ, ಫಾನ್ ವಾನ್ ದಾವ್ ಅಂದ್ರಾಯ್ತು" ಅಂದ. "ಕಾರ್ಡು ಕೈಗೆ ಬರೋ ತನಕ ನೀವು ಖಾ ಕಣ್ರೀ" ಅಂದಳು. ಅವನು ಒಪ್ಪಿಸಿದ. ಕಡೆಗೆ ಬರೋ 'ಹೋಗಿ ಬನ್ನಿ' ನನ್ನ ಒಲೆ ತನಕ ಕೇಳದ ಹಾಗಾಯಿತು, ಅವನು ಬಗ್ಗಿ ಅವಳ ಬಾಯಿ ಹತ್ತಿರ ಕಿವಿ ಇಟ್ಟು ಕೇಳಿಸಿಕೊಂಡು ಹೊರಡುತ್ತಿದ್ದ.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಅವಳು ಹೆಸರು ಕೇಳಲಿಲ್ಲ. ದಾವಣ್ಣ ಗಾಡಿ ಹೊರಗೆ ತೆಗೆಯಲಿಲ್ಲ. ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿರುವಾಗ ಅವನು ಬಾಗಿಲಿಗೆ ಬಂದು ನಿಂತ. ನಾನು ಪಾತ್ರೆ ಅಲ್ಲೇ ಬಿಟ್ಟು ಓಡಿದೆ.

ಹುಣ್ಣಿಮೆಯ ಮಾರನೇ ದಿನ ಖಾ ಮಾತಿಗೆ ತಪ್ಪದೆ ಬಂದ. ಮಣಿಕಟ್ಟಿಗೆ ಗುಡಿಯಲ್ಲಿ ಕಟ್ಟಿದ ಕೆಂಪು ದಾರ ಇತ್ತು. ಗಲ್ಲಿಯ ತುಂಬ ಸಾವಿನ ಮನೆಯ ಡೋಲು ಕೇಳಿ ನನ್ನ ಅಂಗಡಿ ಮುಂದೆ ನಿಂತುಬಿಟ್ಟ. ನನ್ನ ತಲೆಗೂ ಸೂತಕದ ಬಿಳಿ ಪಟ್ಟಿ ಕಟ್ಟಿತ್ತು. ಒಳಗೆ ಹೋಗಿ ಪೆಟ್ಟಿಗೆ ಮುಂದೆ ಊದುಬತ್ತಿ ಹಚ್ಚಿ, ಆ ವಯಸ್ಸಲ್ಲಿ ಮಂಡಿ ಊರಿ ಕೂತು, ಏಳೋಕಾಗದೆ ದಾವಣ್ಣನ ಕೈ ಹಿಡಿದು ಎದ್ದ. "ಆವತ್ತೇ ಹಾಕಬೇಕಿತ್ತು" ಅಂದ. ದಾವಣ್ಣ ಅರ್ಜಿ ತಂದುಕೊಟ್ಟ. ಊದುಬತ್ತಿ ಬಟ್ಟಲು ಇಟ್ಟಿದ್ದ ಮೇಜಿನ ಮೇಲೆಯೇ ಖಾ ಸಹಿ ಹಾಕಿದ. ಅದನ್ನು ಕಚೇರಿಗೆ ತಗೊಂಡು ಹೋಗಿ ಕೊಟ್ಟವಳು ನಾನು. ಆ ಸಲ ದಾರಿಯಲ್ಲಿ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಅವಳನ್ನು ಸುಟ್ಟ ಎರಡನೇ ದಿನ ಕಾರ್ಡು ಬಂತು. ಫಾನ್ ವಾನ್ ದಾವ್. ಅವನು ಓದಲಿಲ್ಲ, ಅಂಗಿ ಜೇಬಿಗೆ ಹಾಕಿಕೊಂಡ. ಮಾರನೇ ದಿನ ತಿಥಿ.

"ನೀನು ಹಿಂದೆ ಕೂತ್ಕೋತೀಯಾ? ಅವಳನ್ನ ಹಿಡ್ಕೊಳ್ಳೋಕೆ ಒಬ್ರು ಬೇಕು" ಅಂದ.

ಬಿಳಿ ಬಟ್ಟೆಯಲ್ಲಿ ಸುತ್ತಿದ ಬೂದಿಯ ಕುಡಿಕೆಯನ್ನು ನನಗೂ ಅವನ ಬೆನ್ನಿಗೂ ನಡುವೆ ತೊಡೆಯ ಮೇಲಿಟ್ಟುಕೊಂಡೆ. ಅವನ ಹೆಲ್ಮೆಟ್ಟಿನ ಕೆಳಗಿಂದ ಬಿಳಿ ಪಟ್ಟಿಯ ತುದಿ ಹಾರುತ್ತಿತ್ತು. ಎಂಟು ಗಂಟೆಯ ಬಿಸಿಲು. ಒಂದು ಗಲ್ಲಿಗೂ ನುಗ್ಗದೆ ದೊಡ್ಡ ರಸ್ತೆಯಲ್ಲೇ ಹೋದ, ಎಲ್ಲ ಸಿಗ್ನಲ್ಲಿಗೂ ನಿಂತ. ಇಪ್ಪತ್ತಾರು ವರ್ಷದಲ್ಲಿ ಅವನು ಹಾಗೆ ಓಡಿಸಿದ್ದು ನಾನು ಕಂಡಿರಲಿಲ್ಲ. ದಾರಿಯಲ್ಲಿ ಬಂದ ಸಣ್ಣ ಪುಟ್ಟ ಸೇತುವೆಗಳಲ್ಲಿ ನಾನು ಬಟ್ಟೆಗೆ ಬಾಯಿ ಹತ್ತಿರ ತಂದು, "ಅಕ್ಕ, ಸೇತುವೆ ದಾಟ್ತಿದೀವಿ, ಜೊತೆಗೆ ಬಾ" ಅನ್ನುತ್ತಿದ್ದೆ. ಹೇಳದಿದ್ದರೆ ಹೋದವರು ನೀರಿನ ಹತ್ತಿರ ದಾರಿ ತಪ್ಪಿ ಹಿಂದೆ ಉಳಿದುಬಿಡುತ್ತಾರೆ.

ಬೆನ್ ಲುಕ್ ಸೇತುವೆಯ ಬುಡದಲ್ಲಿ ಹಳದಿ ಯೂನಿಫಾರ್ಮು. ಒಬ್ಬ ಕೋಲೆತ್ತಿ ಸಿಳ್ಳೆ ಹಾಕಿದ. ದಾವಣ್ಣ ಇಂಡಿಕೇಟರ್ ಹಾಕಿ ಪಕ್ಕಕ್ಕೆ ತಂದು ಗೆರೆಯ ಹಿಂದೆ ನಿಲ್ಲಿಸಿದ. ಅವನ ಕೈ ನಡುಗಲಿಲ್ಲ. ನಾನು ನೋಡಿದ್ದೇನೆ, ಒಂಚೂರೂ ನಡುಗಲಿಲ್ಲ.

ಪೊಲೀಸಿನವನು ಸೆಲ್ಯೂಟ್ ಹೊಡೆದ. "ತಾತ, ಕಾಗದ ತೋರಿಸಿ."

ದಾವಣ್ಣ ಮೂರನ್ನೂ ಕೊಟ್ಟ. ಲೈಸೆನ್ಸು, ಗಾಡಿ ಕಾರ್ಡು, ವಿಮೆ.

"ಹೆಸರು?"

"ತೋ ವಾನ್ ಖಾ."

ಪೊಲೀಸಿನವನು ತಲೆ ಎತ್ತಿದ. ದಾವಣ್ಣ ಎದುರಿನ ಸೇತುವೆ ನೋಡುತ್ತ ಮುಂದುವರಿಸಿದ. "ಗೋ ವಾಪ್, ಹದಿನೇಳನೇ ಗಲ್ಲಿ, ನಲವತ್ತೆರಡನೇ ನಂಬರು. ಸೊನ್ನೆ ಒಂಬತ್ತು ಏಳು, ನಾಲ್ಕು ನಾಲ್ಕು, ಒಂದು ಮೂರು. ಲೈಸೆನ್ಸ್ ಮನೇಲಿ ಮರೆತು ಬಂದೆ ಸಾಹೇಬ್ರೆ. ಹೆಂಡ್ತಿ ಅಂಗಿ ಒಗೆಯೋಕೆ ಹಾಕಿದ್ಲು, ಅದರ ಜೇಬಲ್ಲಿತ್ತು."

ಲೈಸೆನ್ಸು ಪೊಲೀಸಿನವನ ಕೈಯಲ್ಲೇ ಇತ್ತು. ಅವನು ಅದನ್ನು ನೋಡಿದ, ದಾವಣ್ಣನ ಮುಖ ನೋಡಿದ, ಹೆಲ್ಮೆಟ್ಟಿನ ಕೆಳಗಿನ ಬಿಳಿ ಪಟ್ಟಿ ನೋಡಿದ.

"ಸಾಹೇಬ್ರೆ, ಆ ಕಾರ್ಡಲ್ಲಿರೋನು ಇವನೇ" ಅಂದೆ ನಾನು. "ಇವನೇ ದಾವ್. ಗಾಡಿ ಇವನದೇ. ಇದು ಇವನ ಹೆಂಡ್ತಿ."

ಅವನು ಫೋಟೋವನ್ನು ಮತ್ತೊಮ್ಮೆ ಮುಖಕ್ಕೆ ಹಿಡಿದು ನೋಡಿ ಮೂರೂ ಕಾಗದ ವಾಪಸ್ಸು ಕೊಟ್ಟ. "ಎಲ್ಲ ಸರಿಯಾಗಿದೆ ತಾತ. ಹೊರಡಿ."

ದಾವಣ್ಣ ಹೊರಡಲಿಲ್ಲ. ಕಾಗದ ಜೇಬಿಗೆ ಹಾಕಿ, ಹ್ಯಾಂಡಲ್ ಹಿಡಿದು, ಕಿಕ್ಕಿನ ಮೇಲೆ ಕಾಲಿಟ್ಟು ಹಾಗೇ ನಿಂತ. ಹಿಂದೆ ಲಾರಿಯವನು ಹಾರನ್ ಹೊಡೆದ. "ಹೊರಡಿ ತಾತ" ಅಂದ ಪೊಲೀಸಿನವನು ಇನ್ನೊಂದು ಸಲ. ಪಾಠ ಮುಗಿದಿತ್ತು, ದಾವಣ್ಣ ಕಾಯುತ್ತಿದ್ದ. ಯಾವುದಕ್ಕೆ ಅಂತ ಆ ಸೇತುವೆ ಬುಡದಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಆ ಮಾತು ಹೇಳೋ ಯೋಗ್ಯತೆ ನನ್ನ ಬಾಯಿಗೆ ಇರಲಿಲ್ಲ. ಆದರೆ ಇನ್ನು ಯಾರಿದ್ದರು? ಯಾವತ್ತೂ ಅವನನ್ನು ಏಕವಚನದಲ್ಲೇ ಕರೆದ ನಾನು, ಅವನ ಕಿವಿ ಹತ್ತಿರ ಬಗ್ಗಿ ಅವಳ ಹಾಗೇ ಹೇಳಿದೆ.

"ಸರಿ, ಹೋಗಿ ಬನ್ನಿ."

ಅವನ ಬೆನ್ನು ಅಲುಗತೊಡಗಿತು. ತುಂಬಾ ಹೊತ್ತು ಅತ್ತ. ಪೊಲೀಸಿನವನು ಲಾರಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಆಮೇಲೆ ದಾವಣ್ಣ ಮುಖ ಒರೆಸಿಕೊಂಡು ಕಿಕ್ ಹೊಡೆದ, ಎರಡನೆಯದಕ್ಕೆ ಗಾಡಿ ಹತ್ತಿಕೊಂಡಿತು. ಚಕ್ರ ಸೇತುವೆ ಹತ್ತಿತು. ನಾನು ಅವಳಿಗೆ ಹೇಳೋಣ ಅಂತ ಬಟ್ಟೆಗೆ ಬಾಯಿ ತರುವಷ್ಟರಲ್ಲಿ ದಾವಣ್ಣನೇ, ಹಿಂದಕ್ಕೆ ತಿರುಗದೆ, ಹೇಳಿದ.

"ಸೇತುವೆ ಬಂತು ತೋಮ್. ಇಳೀಬೇಡ, ಕೂತಿರು."